ಯಂತ್ರ ಮೆಚ್ಚಿದ ಗಂಡ

ಸಿಟ್ಟು ಮಾಡಿಕೊಳ್ಳುವ ಹಕ್ಕು ಈ ಲೋಕದಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ. ಆದರೆ ನಮ್ಮ ಮನೆಯಲ್ಲಿ ಆ ಖಾತೆಯನ್ನು ಮೊದಲಿನಿಂದಲೂ ನನ್ನ ಹೆಂಡತಿಯೇ ವಹಿಸಿಕೊಂಡಿದ್ದಾಳೆ. ಹಾಗಾಗಿ ನನ್ನ ಪಾಲಿನ ಸಿಟ್ಟನ್ನು ನಿಮ್ಮ ಮುಂದೆ ಸುರಿಯುತ್ತಿದ್ದೇನೆ, ಸಹಿಸಿಕೊಳ್ಳಿ.

ನಾನು ಒಂದು ಪಾರ್ಸೆಲ್ ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ಅಧಿಕಾರಿ. ಕಂಪನಿ ಹೊಸ ಗೋದಾಮು ತೆರೆಯುವುದರಲ್ಲಿತ್ತು. ಪೆಟ್ಟಿಗೆ ಕಟ್ಟಲು, ಚೀಟಿ ಅಂಟಿಸಲು, ಲಾರಿಗೆ ಏರಿಸಲು ನೂರಾರು ಜನ ಬೇಕು. ಅರ್ಜಿ ಹಾಕಿದವರು ಸಾವಿರಾರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಿದರೆ ನಾನು ನಿವೃತ್ತನಾದರೂ ಸಾಲು ಕರಗುವುದಿಲ್ಲ. ಅದಕ್ಕೇ ಒಂದು ಪರೀಕ್ಷಾ ಯಂತ್ರ ತರಿಸಿದೆವು. (ಯಂತ್ರವೆಂದರೆ ಚಕ್ರ, ಹೊಗೆ ಏನೂ ಇಲ್ಲ, ಕಂಪ್ಯೂಟರಿನೊಳಗೆ ಕೂತ ಒಂದು ಅಹಂಕಾರ, ಅಷ್ಟೆ.) ಅಭ್ಯರ್ಥಿ ಮನೆಯಲ್ಲೇ ಫೋನಿನ ಮುಂದೆ ಕೂತರೆ ಸಾಕು. ಅದೇ ಪ್ರಶ್ನೆ ಕೇಳುತ್ತದೆ, ಕ್ಯಾಮೆರಾದಲ್ಲಿ ನೋಡುತ್ತದೆ, ಮುಲಾಜಿಲ್ಲದೆ ಹೌದು ಅಥವಾ ಇಲ್ಲ ಅನ್ನುತ್ತದೆ.

ಯಂತ್ರ ಮಾರಿದವನು ಒಂದೇ ಮಾತು ಹೇಳಿದ್ದ. "ಸರ್, ಇದಕ್ಕಿನ್ನೂ ಏನೂ ಗೊತ್ತಿಲ್ಲ. ಹಳೇ ಗೋದಾಮಲ್ಲಿ ಚೆನ್ನಾಗಿ ಕೆಲಸ ಮಾಡೋ ಹತ್ತು ಹನ್ನೆರಡು ಜನರನ್ನ ಕೂರಿಸಿ ಪರೀಕ್ಷೆ ಕೊಡಿಸಿ. ಆಮೇಲೆ ಅವರ ಥರ ಇರೋರನ್ನೇ ಇದು ಹುಡುಕುತ್ತೆ."

ಹಳೇ ಗೋದಾಮು ಊರಿನ ಇನ್ನೊಂದು ತುದಿಯಲ್ಲಿ. ಬಿಸಿಲು ಬೇರೆ. ಮಾದರಿ ನೌಕರನನ್ನು ಹುಡುಕಿಕೊಂಡು ಅಷ್ಟು ದೂರ ಹೋಗಬೇಕೇ, ಮನೆಯಲ್ಲೇ ಕನ್ನಡಿ ಇದೆಯಲ್ಲ! ಒಂದು ಭಾನುವಾರ ಊಟದ ಮೇಜಿನ ಮುಂದೆ ಕೂತು, ಅಂಗಿ ಬದಲಿಸಿ ಬದಲಿಸಿ, ಅಷ್ಟೂ ಜನರ ಪರೀಕ್ಷೆಯನ್ನು ನಾನೊಬ್ಬನೇ ಕೊಟ್ಟೆ.

ಅಡುಗೆಮನೆಯಿಂದ ದನಿ ಬರುತ್ತಲೇ ಇತ್ತು.

"ರೀ, ಕಸದ ಬುಟ್ಟಿ ತುಂಬಿದೆ."

"ಈಗ ಮಾಡ್ತೀನಿ."

"ನಲ್ಲಿ ತೊಟ್ಟಿಕ್ತಾ ಇದೆ."

"ಈಗ ಮಾಡ್ತೀನಿ, ಈಗ ಮಾಡ್ತೀನಿ."

ಅಷ್ಟಕ್ಕೆಲ್ಲ ನಾನು ಕುರ್ಚಿಯಿಂದ ಕದಲಲಿಲ್ಲ. ಯಂತ್ರ ಪಾಠ ಕಲಿಯುವ ಜಾಣ ಮಗುವಿನಂತೆ ನನ್ನನ್ನೇ ನೋಡುತ್ತಿತ್ತು.

ಇದಾದ ಕೆಲವು ದಿನಗಳ ಮೇಲೆ ಸಂಜೆ ಮನೆಗೆ ಬಂದರೆ, ಅದೇ ಮೇಜಿನ ಮುಂದೆ ಹೆಂಡತಿ ಕೂತಿದ್ದಳು. ಇಸ್ತ್ರಿ ಮಾಡಿದ ಬಟ್ಟೆ, ನೀಟಾಗಿ ಬಾಚಿದ ತಲೆ. ಎದುರಿಗೆ ಪಾತ್ರೆಗೆ ಒರಗಿಸಿಟ್ಟ ಫೋನು. ಅದರ ಮೇಲೆ ದಪ್ಪಕ್ಷರದಲ್ಲಿ: 'ಕ್ಷಮಿಸಿ. ನೀವು ಈ ಕೆಲಸಕ್ಕೆ ತಕ್ಕವರಲ್ಲ.'

"ಇದು ನಿಮ್ಮ ಯಂತ್ರ ತಾನೆ?"

"ಹೌದು... ನೀನ್ಯಾವಾಗ ಅರ್ಜಿ ಹಾಕ್ದೆ?"

"ನಾನೇ ಹಾಕಿಸ್ದೆ ಕಣೋ," ಒಳಗಿನಿಂದ ಅಮ್ಮ ಬಂದಳು. "ನನ್ನ ಕಾಲು ಮುರಿದಾಗ ನನ್ನ ನೋಡ್ಕೊಳ್ಳೋಕೆ ಅಂತ ಕೆಲಸ ಬಿಟ್ಳು. ಈಗ ನಾನು ಓಡಾಡ್ತೀನಲ್ಲ. ಅವಳೂ ಓಡಾಡ್ಲಿ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಗಂಡನ ಶಿಫಾರಸಿಂದ ಬಂದ್ಳು ಅನ್ನಿಸ್ಕೊಳ್ಳೋದು ನಂಗೆ ಬೇಡ," ಎಂದಳು ಹೆಂಡತಿ. "ಅದೇನೋ ಕೇಳ್ತು, ಕೆಲಸದ ಮಧ್ಯೆ ತುರ್ತು ಬಂದರೆ ಏನು ಮಾಡ್ತೀರಿ ಅಂತ. ಅಷ್ಟರಲ್ಲಿ ಹಾಲು ಉಕ್ಕಿತು. ಎದ್ದು ಹೋಗಿ ಒಲೆ ಆರಿಸಿ ಬಂದು, 'ಹೀಗ್ ಮಾಡ್ತೀನಿ' ಅಂದೆ. ಅಲ್ಲಿಗೆ ಮುಗೀತು."

ನನ್ನೊಳಗಿನ ಅಧಿಕಾರಿ ಎಚ್ಚರಗೊಂಡ. (ಅವನು ಸದಾ ತಪ್ಪು ಹೊತ್ತಿಗೇ ಏಳುತ್ತಾನೆ.) "ಪರೀಕ್ಷೆ ನಡುವೆ ಏಳಬಾರದು ಕಣೇ. ಯಂತ್ರ ಪಕ್ಷಪಾತ ಮಾಡಲ್ಲ. ಅದಕ್ಕೆ ಎದುರಿಗೆ ಕೂತಿರೋರು ಯಾರು, ಅವರ ಮನಸ್ಸಲ್ಲೇನಿದೆ, ಒಂದೂ ತಿಳಿಯಲ್ಲ."

"ಓಹೋ. ನಿಮ್ಮ ಹಾಗೇ ಅನ್ನಿ."

"ಮತ್ತೆ ನಮ್ಮನೇಲಿ ಒಂದು ಇದ್ದದ್ದು ಸಾಲದು ಅಂತ ಇನ್ನೊಂದು ಯಾಕೋ ತಂದೆ?" ಎಂದಳು ಹೆತ್ತ ತಾಯಿ.

ಅಂದಿನಿಂದ ಹೆಂಡತಿ ಮಾತು ನಿಲ್ಲಿಸಿದಳು. ಪಾತ್ರೆಗಳು ಶುರು ಮಾಡಿದವು. ತಟ್ಟೆ ಮೇಜಿಗೆ ಬರುತ್ತಿರಲಿಲ್ಲ, ಬಂದು ಅಪ್ಪಳಿಸುತ್ತಿತ್ತು. ಅದೆಲ್ಲ ನನಗೆ ಅಭ್ಯಾಸ. ತಡೆಯಲಾಗದ್ದು ಬೇರೆ. ಆ ಇಸ್ತ್ರಿ ಬಟ್ಟೆಯನ್ನು ಅವಳು ಮಡಿಕೆ ಕೆಡದ ಹಾಗೆ ಕಪಾಟಿನ ತೀರಾ ಒಳಗೆ, ಇನ್ನು ಬೇಕಾಗದ ವಸ್ತುಗಳ ಜೊತೆ ಇಟ್ಟಳು. ಅದನ್ನು ನೋಡಿ ಯಂತ್ರದ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! (ಕತ್ತೆಗೆ ಪಾಠ ಹೇಳಿದವರು ಯಾರು ಎಂದು ಆಗ ನನಗೆ ಹೊಳೆಯಲಿಲ್ಲ.)

ಹೊಸ ಗೋದಾಮು ಶುರುವಾದ ವಾರದಲ್ಲೇ ಮ್ಯಾನೇಜರ್ ಸಾಹೇಬರು ಕರೆಸಿದರು. ಅವರ ಮುಖ ಕಾದ ಹೆಂಚಾಗಿತ್ತು.

"ಎಲ್ಲಿಂದ ಹೆಕ್ಕಿ ತಂದ್ರಿ ಈ ಜನಾನ? ಪೆಟ್ಟಿಗೆ ಎತ್ತಿ ಅಂದ್ರೆ 'ಈಗ ಮಾಡ್ತೀನಿ ಸರ್' ಅಂತಾರೆ. ಚೀಟಿ ಅಂಟಿಸಿ ಅಂದ್ರೆ 'ಈಗ ಮಾಡ್ತೀನಿ ಸರ್'. ಎಲ್ಲರೂ! ಒಬ್ಬನಾದ್ರೂ ಏಳಬೇಕಲ್ಲ? ಬೈದ್ರೆ ತಲೆ ಆಡಿಸ್ತಾರೆ, ಎಮ್ಮೆ ಮೇಲೆ ಮಳೆ ಹೊಯ್ದ ಹಾಗೆ! ಹೊರಗೆ ಲಾರಿ ಸಾಲು ರಸ್ತೆವರೆಗೂ ನಿಂತಿದೆ!"

ಯಂತ್ರ ಮಾರಿದವನನ್ನೂ ಕರೆಸಿದ್ದರು. ಯಂತ್ರ ಯಾರನ್ನು ನೋಡಿ ಕಲಿಯಿತೋ ಅವರನ್ನು ಅವನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ. ನೀಲಿ ಅಂಗಿಯ ನಾನು. ಗೆರೆ ಅಂಗಿಯ ನಾನು. ಗುಂಡಿ ಕಿತ್ತುಹೋದ ಅಂಗಿಯ ನಾನು. ಅಷ್ಟೂ ಜನ ನಾನು ಒಕ್ಕೊರಲಿನಿಂದ 'ಈಗ ಮಾಡ್ತೀನಿ' ಅನ್ನುತ್ತಿದ್ದೆವು.

ಸಾಹೇಬರು ಕನ್ನಡಕ ಒರೆಸಿ ಹಾಕಿಕೊಂಡು ನನ್ನನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆ ಭಾನುವಾರದ ವಿಡಿಯೋದಲ್ಲಿ ಕೊನೆಯ ತುಣುಕೊಂದು ಉಳಿದಿತ್ತು. (ಇದು ಯಂತ್ರಕ್ಕೆ ಬೇಡ, ತೆಗೆದುಬಿಡು ಎಂದು ಮಾರಿದವನಿಗೆ ನಾನೇ ಹೇಳಿದ್ದೆ. ಮಹಾನುಭಾವ ಜೋಪಾನವಾಗಿ ಎತ್ತಿಟ್ಟಿದ್ದ.) ಗೋಡೆಯ ಮೇಲಿಂದ ದನಿ ಮೊಳಗಿತು: "ರೀ! ಇನ್ನೊಂದ್ಸಲ ಹೇಳಿಸ್ಕೊಂಡ್ರೆ ಆ ಬುಟ್ಟಿ ತಂದು ನಿಮ್ಮ ತಲೆ ಮೇಲೇ ಸುರೀತೀನಿ!" ಗೋಡೆಯ ಮೇಲಿನ ನಾನು ಸ್ಪ್ರಿಂಗಿನಂತೆ ಚಿಮ್ಮಿ ಮಾಯವಾದೆ. ಖಾಲಿ ಕುರ್ಚಿ ಅಲ್ಲಾಡುತ್ತಿತ್ತು.

"ನಿಲ್ಸಿ," ಎಂದರು ಸಾಹೇಬರು. "ಇನ್ನೊಂದ್ಸಲ ಹಾಕಿ."

ಮತ್ತೆ ಚಿಮ್ಮಿದೆ.

"ಯಾರ ದನೀರೀ ಇದು?"

"ನನ್ನ ಹೆಂಡತೀದು ಸರ್."

"ಇಂಥೋರನ್ನ ಎಬ್ಬಿಸಿ ಎಷ್ಟು ವರ್ಷದ ಅನುಭವ?"

"ಮದುವೆ ಆದಾಗಿಂದ ಸರ್."

"ಮತ್ತೆ ಅವರ್ಯಾಕೆ ಅರ್ಜಿ ಹಾಕ್ಲಿಲ್ಲ?"

ನಾನು ಯಂತ್ರ ಮಾರಿದವನನ್ನು ನೋಡಿದೆ. ಅವನು ಯಂತ್ರವನ್ನು ನೋಡಿದ.

ಸಾಹೇಬರೇ ಫೋನ್ ಮಾಡಿದರು. ಅವಳೇನು ಕುಣಿದಾಡಲಿಲ್ಲ. "ಪರೀಕ್ಷೆಗೆ ಕೂರಲ್ಲ. ಮೇಲ್ವಿಚಾರಕಿ ಮಾಡೋದಾದ್ರೆ ಬರ್ತೀನಿ. ಆಮೇಲೆ, ಆ ಯಂತ್ರ ನನಗೆ ಏನು ಬರೆದಿತ್ತೋ ಅದನ್ನ ಅದಕ್ಕೇ ಬರೆದು ಕಳಿಸಿ," ಎಂದಳು. ಮೂರಕ್ಕೂ ಒಪ್ಪಿಗೆ ಸಿಕ್ಕಿತು. ಯಂತ್ರವನ್ನು ಮೂಲೆಗೆ ತಳ್ಳಿದರು. ನನ್ನನ್ನು ಗೋದಾಮಿಗೆ ತಳ್ಳಿದರು. "ಮಾದರಿ ನೌಕರ ಅಲ್ವೇನ್ರೀ? ಸ್ವಲ್ಪ ದಿನ ಚೀಟಿ ಅಂಟಿಸಿ ತೋರಿಸಿ."

ಸೋಮವಾರ ಬೆಳಿಗ್ಗೆ ಗೋದಾಮಿನ ಬಾಗಿಲು ತೆರೆಯಿತು. ಕಪಾಟಿನ ಒಳಗಿಟ್ಟಿದ್ದ ಅದೇ ಬಟ್ಟೆ ತೊಟ್ಟು, ಅದರ ಮಡಿಕೆಯ ಗೆರೆ ಇನ್ನೂ ಎದ್ದು ಕಾಣುತ್ತಿರಲು, ನನ್ನ ಹೆಂಡತಿ ಒಳಗೆ ಬಂದಳು. ಅವಳು ಅಷ್ಟು ಚೆಂದ ಎಂದು ನಾನು ಮರೆತೇಬಿಟ್ಟಿದ್ದೆ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ.

"ಆ ಪೆಟ್ಟಿಗೆಗಳನ್ನ ಲಾರಿಗೆ ಏರ್ಸಿ," ಎಂದಳು.

"ಈಗ ಮಾಡ್ತೀನಿ," ಎಂದೆ. ನನ್ನ ಬಾಯಿಂದ ಹೊರಟ ಮಾತು ಅದೇ ಗಳಿಗೆಗೆ ಇಡೀ ಗೋದಾಮಿನ ಬಾಯಿಂದ ಬಂತು.

ಅವಳು ಸೊಂಟದ ಮೇಲೆ ಕೈಯಿಟ್ಟು ಆ ತುದಿಯಿಂದ ಈ ತುದಿಯವರೆಗೆ ನಮ್ಮನ್ನು ನೋಡಿದಳು.

"ಅಯ್ಯೋ, ಒಂದಕ್ಕೇ ಸಾಕಾಗಿತ್ತಲ್ಲಪ್ಪ," ಎಂದು ನಿಟ್ಟುಸಿರುಬಿಟ್ಟಳು. ಆಮೇಲೆ ದನಿ ಏರಿಸಿದಳು.

ಎಲ್ಲರಿಗಿಂತ ಮೊದಲು ಚಿಮ್ಮಿ ಎದ್ದವನು, ಕೊನೆಗೂ ಮಾದರಿಯಾಗಿ, ನಾನೇ.