ಅತ್ತೆ ಮತ್ತು ಹತ್ತು ನ್ಯಾನೋಮೀಟರ್

ನಮ್ಮ ಅತ್ತೆಗೆ ಹತ್ತು ನ್ಯಾನೋಮೀಟರಿಗಿಂತ ದೂರ ಇರುವ ಯಾವ ವಿಷಯದಲ್ಲೂ ಆಸಕ್ತಿಯಿಲ್ಲ! ಅತ್ತೆ ಅಂದರೆ ಹೆಂಡತಿಯ ತಾಯಿ ಅಂದುಕೊಂಡು ನನ್ನ ಮೇಲೆ ಅನುಕಂಪ ತೋರಿಸಬೇಡಿ. ಇವರು ಅಪ್ಪನ ತಂಗಿ. ಹತ್ತು ನ್ಯಾನೋಮೀಟರ್ ಅಂದರೆ, ಒಂದು ತಲೆಕೂದಲನ್ನು ಉದ್ದಕ್ಕೆ ಸಾವಿರಾರು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು ದಪ್ಪವಂತೆ. ಅಷ್ಟರೊಳಗೆ ನಡೆಯುವುದೆಲ್ಲ ಅವರಿಗೆ ಗೊತ್ತು. ಅದರಾಚೆಯ ಪ್ರಪಂಚ? ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಗೆ ಬಂದವರು ನನ್ನದೇ ಅಂದುಕೊಂಡು ಯಾರದೋ ಜೀಪು ಹತ್ತಿ ಕೂತು, ಚಾರ್ಮಾಡಿ ಘಾಟಿ ಅರ್ಧ ಇಳಿದ ಮೇಲೆ ಡ್ರೈವರನ್ನು ನೋಡಿ, "ಮೀಸೆ ಯಾವಾಗ ಬಿಟ್ಟೆ ಮಾರಾಯ?" ಅಂತ ಕೇಳಿದರಂತೆ. ನಾನು ಇತ್ತ ಹೋಟೆಲಿನ ಮುಂದೆ ಅವರನ್ನು ಹುಡುಕುತ್ತಿದ್ದೆ!

ದೂರದ ಊರಿನ ಸಂಶೋಧನಾಲಯದಲ್ಲಿ ಬದುಕೆಲ್ಲ ಕಳೆದು, ನಿವೃತ್ತಿಯಾದ ಮೇಲೆ ಅತ್ತೆ ಬಾಳೂರಿನ ನಮ್ಮ ಮನೆಗೆ ಬಂದರು. ಅವರು ಮಾಡುತ್ತಿದ್ದ ಕೆಲಸಕ್ಕೆ, ಅಂದರೆ ಒಂದು ಅಣು ಪಕ್ಕದ ಅಣುವಿಗೆ ಬೆಳಕಿನ ಶಕ್ತಿ ದಾಟಿಸುವುದನ್ನು ಅಳೆಯುವುದಕ್ಕೆ, ಫ್ರೆಟ್ ಅಂತ ಹೆಸರು. ಅದು ನಮ್ಮಮ್ಮನ ಕಿವಿಗೆ 'ಪ್ರೇತ' ಅಂತ ಕೇಳಿಸಿದರೆ ಅಮ್ಮನ ತಪ್ಪೇ, ಹೇಳಿ? ನಮ್ಮ ನಾದಿನಿ ಪ್ರೇತದಲ್ಲೇ ಡಾಕ್ಟರೇಟ್ ತಗೊಂಡವಳು ಅಂತ ಅಮ್ಮ ನೆಂಟರಿಗೆಲ್ಲ ಫೋನಿನಲ್ಲಿ ಹೇಳಿಬಿಟ್ಟರು.

ಒಂದು ಬೆಳಗ್ಗೆ ಮಲ್ಲಂದೂರಿನಿಂದ ಪ್ಲಾಂಟರ್ ಹಿರಿಯರೊಬ್ಬರು ಹಣ್ಣುಕಾಯಿ ಹಿಡಿದು ಬಂದೇಬಿಟ್ಟರು.

"ಅಮ್ಮಾವ್ರು ಪ್ರೇತದ ಮೇಲೆ ತುಂಬಾ ಕೆಲಸ ಮಾಡಿದೀರಂತೆ?"

ಅತ್ತೆಗೆ ಕೇಳಿಸಿದ್ದು ಫ್ರೆಟ್. ಮುಖ ಅರಳಿತು. ಈ ಊರಲ್ಲಿ ಅದನ್ನು ಕೇಳಿಕೊಂಡು ಬಂದ ಮೊದಲ ಮನುಷ್ಯ! "ಕೂತ್ಕೊಳ್ಳಿ, ಕೂತ್ಕೊಳ್ಳಿ."

"ಅದು ಹೇಗೆ ಕಾಣಿಸ್ಕೊಳ್ಳುತ್ತೆ?"

"ಎರಡು ಇರಬೇಕು. ಒಂದರ ಮೇಲೆ ಬೆಳಕು ಬಿಟ್ರೆ ಅದು ಹೊಳೆಯುತ್ತೆ. ಆದ್ರೆ ತಕ್ಕ ಜೊತೆ ತೀರಾ ಹತ್ರ ಬಂತೋ, ಮೊದಲನೇದು ಮಂಕಾಗಿ ತನ್ನ ಶಕ್ತಿನೆಲ್ಲ ಅದಕ್ಕೆ ದಾಟಿಸಿಬಿಡುತ್ತೆ. ಎರಡನೇದು ಬೇರೆ ಬಣ್ಣದಲ್ಲಿ ಹೊಳೆಯೋಕೆ ಶುರು!"

"ಮುಟ್ಟದೇನೇ?"

"ಮುಟ್ಟೋದೇ ಬೇಡ!"

ಹಿರಿಯರು ಬೆವರು ಒರೆಸಿಕೊಂಡರು. "ನಮ್ಮ ಪಂಪ್‌ಹೌಸ್ ಹತ್ರ ಆಗ್ತಿರೋದೂ ಇದೇ ಅಮ್ಮಾ. ಇದರ ಕಾಟ ತಪ್ಪೋದು ಹೇಗೆ?"

"ಕಾಟ ಎಂಥದ್ದು? ದೂರ ಎರಡರಷ್ಟಾದ್ರೆ ದಾಟೋ ವೇಗ ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿದುಹೋಗುತ್ತೆ!"

ಹಿರಿಯರು ಕೈಮುಗಿದು ಹೊರಟರು. ಪಂಪ್‌ಹೌಸನ್ನು ಮನೆಯಿಂದ ಎರಡರಷ್ಟು ದೂರಕ್ಕೆ ಕಟ್ಟಿಸಿದರಂತೆ. ಆಮೇಲೆ ಯಾವ ಕಾಟವೂ ಇಲ್ಲವಂತೆ! ವಿಜ್ಞಾನದ ಮೇಲೆ ಇನ್ನೂ ಅನುಮಾನವೇ ನಿಮಗೆ?

ಅಮ್ಮನಿಗೆ ಮಾತ್ರ ಇದರ ಉಪಯೋಗ ತಿಳಿಯಬೇಕಿತ್ತು. "ಅಷ್ಟು ವರ್ಷ ಕೂತು ನೋಡಿದ್ದೇನು ಮಾರಾಯ್ತಿ?"

"ಒಂದು ಪ್ರೋಟೀನಿನ ಎರಡು ತುದಿಗೆ ಎರಡು ಬಣ್ಣ ಅಂಟಿಸಿ, ತುದಿಗಳು ಹತ್ರ ಬರ್ತಾವಾ ಅಂತ ನೋಡ್ತಿದ್ದೆ ಅತ್ತಿಗೆ."

"ಬಂದ್ವಾ?"

"ಬಂದ್ವು!"

"ಆಮೇಲೆ?"

"ಆಮೇಲೆ ದೂರ ಹೋದ್ವು!"

ಅಮ್ಮ ಹಣೆ ಚಚ್ಚಿಕೊಂಡು ಒಳಗೆ ಹೋದರು. ನಾನು ಸಿಕ್ಕಿಬಿದ್ದೆ. ಜೀವಕೋಶದೊಳಗೆ ಯಾವ ಪ್ರೋಟೀನು ಯಾವುದರ ಜೊತೆ ಕೂಡುತ್ತದೆ, ಔಷಧ ಬಂದು ಕೂತರೆ ಅದು ಹೇಗೆ ಹೊರಳುತ್ತದೆ ಎಂಬುದನ್ನೆಲ್ಲ ಕೋಶ ಬದುಕಿರುವಾಗಲೇ ಈ ಬೆಳಕಿನ ಅಳತೆಗೋಲಿನಿಂದ ತಿಳಿಯಬಹುದಂತೆ. ಹೇಳುವಾಗ ಅವರ ಕೈಬೆರಳುಗಳೇ ಪ್ರೋಟೀನಾಗಿ ಮಡಚಿಕೊಳ್ಳುತ್ತಿದ್ದವು. ಅರ್ಧ ಅರ್ಥವಾಗದಿದ್ದರೂ ಎದ್ದುಹೋಗಲು ಮನಸ್ಸು ಬರಲಿಲ್ಲ. ಒಬ್ಬ ಮನುಷ್ಯನಿಗೆ ಒಂದು ವಿಷಯದ ಮೇಲೆ ಇಷ್ಟು ಪ್ರೀತಿ ಇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಮಿಕ್ಸಿಯ ಪ್ರಕರಣ. ಅತ್ತೆ ಕಾಫಿ ಎಲೆಗಳನ್ನು ಸ್ಪಿರಿಟ್ಟಿನ ಜೊತೆ ರುಬ್ಬಿ, ಸೋಸಿ, ಕಿಟಕಿ ಮುಚ್ಚಿದ ಉಗ್ರಾಣಕ್ಕೆ ನಮ್ಮನ್ನೆಲ್ಲ ಕರೆದು, ಆ ಹಸಿರು ರಸದ ಮೇಲೆ ನೇರಳೆ ಟಾರ್ಚು ಬಿಟ್ಟರು. ರಸ ರಕ್ತದಂತೆ ಕೆಂಪಗೆ ಹೊಳೆಯಿತು! ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತೆವು.

"ಇದು ಬರೀ ಹೊಳಪು, ಫ್ರೆಟ್ ಅಲ್ಲ," ಅಂತ ಅತ್ತೆ ಎಚ್ಚರಿಸಿದರು. "ಆದ್ರೆ ಎಲೆಯೊಳಗೆ ಒಂದು ಅಣು ಇನ್ನೊಂದಕ್ಕೆ ಬಿಸಿಲಿನ ಶಕ್ತಿನ ದಾಟಿಸೋದು ಹೆಚ್ಚುಕಮ್ಮಿ ಅದೇ ರೀತಿ. ನಿಮ್ಮ ಇಡೀ ಎಸ್ಟೇಟು ನಡೆಯೋದೇ ಅದರಿಂದ!"

ಅಮ್ಮನ ಕಣ್ಣು ಟಾರ್ಚಿನ ಮೇಲಿರಲಿಲ್ಲ. "ರುಬ್ಬಿದ್ದು ಯಾವುದರಲ್ಲಿ? ನನ್ನ ಚಟ್ನಿ ಜಾರಲ್ಲಾ?" ಮುಂದೆ ಎಷ್ಟೋ ದಿನ ನಮ್ಮ ಮನೆಯ ಚಟ್ನಿ ತಿಂದವರು ಆಸ್ಪತ್ರೆ ನೆನಪಾಗುತ್ತೆ ಅಂತಿದ್ದರು!

ಹೋದ ಬೇಸಗೆಯಲ್ಲಿ, ಕಾಫಿ ಹೂವಾಗುವ ಹೊತ್ತಿಗೆ, ತೋಟದಂಚಿನ ಕಾಡಿನಲ್ಲಿ ಮಂಗವೊಂದು ಸತ್ತುಬಿದ್ದಿತ್ತು. ಅದಾದ ಒಂದು ವಾರಕ್ಕೆ, ಅದೇ ಕಡೆ ತರಗೆಲೆ ಗುಡಿಸಲು ಹೋಗಿದ್ದ ಅಮ್ಮನಿಗೆ ಜ್ವರ ಬಂತು. ಏಳಲಾಗದ ಜ್ವರ, ಮೈಕೈ ಮುರಿಯುವ ನೋವು. ಉಣ್ಣೆ ಕಚ್ಚಿ ಬರುವ, ಜೀವಕ್ಕೂ ಅಪಾಯವಾಗುವ ಮಂಗನ ಕಾಯಿಲೆ ಇರಬಹುದು ಅಂತ ಡಾಕ್ಟರು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು.

ಅಮ್ಮನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತ ಅತ್ತೆ ಅಲ್ಲಿಂದ ಕದಲಲಿಲ್ಲ. ಅಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಇನ್ನೂ ಲಂಗ ತೊಡುವ ಹುಡುಗಿ. ತಾಯಿಯಿಲ್ಲದ ಆ ಹುಡುಗಿಗೆ ಎರಡು ಜಡೆ ಹಾಕಿ ಸ್ಕೂಲಿಗೆ ಕಳಿಸುತ್ತಿದ್ದುದು ಅಮ್ಮನೇ.

"ಆ ರಕ್ತನ ಏನು ಮಾಡ್ತಾರೆ?" ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು.

ಅತ್ತೆ ತಗ್ಗಿದ ದನಿಯಲ್ಲಿ ಹೇಳಿದರು. "ಒಂದು ಸಣ್ಣ ದಾರ ಅಂದ್ಕೊಳ್ಳಿ ಅತ್ತಿಗೆ. ಈ ತುದಿಗೆ ಹೊಳೆಯೋ ಬಣ್ಣ, ಆ ತುದಿಗೆ ಅದರ ಬೆಳಕು ನುಂಗೋ ಬಣ್ಣ. ವೈರಸ್ ಇದ್ರೆ ದಾರ ತುಂಡಾಗುತ್ತೆ, ನುಂಗೋದು ದೂರ ಹೋಗುತ್ತೆ, ಬೆಳಕು ಕಾಣುತ್ತೆ. ಇಲ್ಲದಿದ್ರೆ ಕತ್ತಲೇನೇ."

"ನೀನು ಮಾಡ್ತಿದ್ದ ಕೆಲಸಾನೇ ಅಲ್ವಾ?"

"ಹೂಂ. ಅಷ್ಟು ವರ್ಷ ಬೆಳಕು ಬರಲಿ, ಬೆಳಕು ಬರಲಿ ಅಂತ ಕಾದು ಕೂತಿದ್ದೆ. ಈಗ ಬರಬಾರದು ಅಂತ ಬೇಡ್ಕೊಳ್ತಾ ಇದೀನಿ."

ಡಾಕ್ಟರ ಫೋನು ಬಂದಾಗ ಎತ್ತಿದ್ದು ನಾನು. ಮಂಗನ ಕಾಯಿಲೆ ಅಲ್ಲ, ಬೇರೆ ಜ್ವರ, ಔಷಧಿಗೆ ಇಳಿಯುತ್ತೆ ಅಂದರು. ಕೂಗಿ ಹೇಳಿದೆ.

ಅತ್ತೆ ಎದ್ದು ಹೊರಗೆ ಬಂದರು. "ಸರಿಯಾಗಿ ಕೇಳಿಸ್ಕೊಂಡ್ಯಾ?"

"ಹೌದು ಅತ್ತೆ. ಏನೂ ಇಲ್ಲ."

ಮೆಟ್ಟಿಲ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಒರೆಸಿದರು, ಒರೆಸಿದರು, ಹಾಕಿಕೊಳ್ಳಲೇ ಇಲ್ಲ.

ಒಳಗಿನಿಂದ ಅಮ್ಮನ ಸೋತ ದನಿ ಕೇಳಿತು. "ಅವಳಿಗೊಂದು ತುತ್ತು ಅನ್ನ ಹಾಕೋ. ಬೆಳಗ್ಗಿಂದ ಏನೂ ತಿಂದಿಲ್ಲ, ಹುಡುಗಿ."