ಬೇಡ ಬೇಡ ಅನ್ನುವವರ ದೇಶದಲ್ಲಿ

ಮಿಲಿಟರಿಯವರನ್ನು ಮದುವೆಯಾದ ಮೇಲೆ ಎರಡು ವಸ್ತುಗಳು ಎಲ್ಲಿ ಹೋದರೂ ನನ್ನ ಬೆನ್ನು ಬಿಟ್ಟಿಲ್ಲ. ಒಂದು, ನಮ್ಮ ಯಜಮಾನರ ಹೆಸರು, ನಂಬರು ಬಿಳಿ ಬಣ್ಣದಲ್ಲಿ ಬರೆದಿರುವ ಕಪ್ಪು ಟ್ರಂಕು. ಇನ್ನೊಂದು, ನಗೆಪಾಟಲು. ಜಮ್ಮು, ಜೋಧಪುರ ಎಲ್ಲ ಮುಗಿದು ಕಳೆದ ವರ್ಷ ಸುಬೇದಾರರಾದ ನಮ್ಮವರಿಗೆ ಭೂತಾನಿಗೆ ಪೋಸ್ಟಿಂಗ್ ಬಂತು. ಬಾಣಾವರದ ನನ್ನ ತವರಿನವರು "ಪರದೇಶಕ್ಕೆ ಹೊರಟ್ಳು" ಅಂತ ಮಡಿಲು ತುಂಬಿ ಕಳಿಸಿದರು. ಅಲ್ಲಿ ಆದದ್ದನ್ನು ಹೇಳಿದರೆ ಮರ್ಯಾದೆ ಹೋಗುತ್ತದೆ. ಹೇಳದೆ ಇರೋಣವೆಂದರೆ ನನ್ನಿಂದ ಆಗುವುದಿಲ್ಲ.

ರಾಗಿಹಿಟ್ಟಿನ ತಪಾಸಣೆ

ಕಣಕಟ್ಟೆಯ ನಮ್ಮತ್ತೆ ಇಪ್ಪತ್ತು ಕೆ.ಜಿ. ರಾಗಿಹಿಟ್ಟು ಕಟ್ಟಿಕೊಟ್ಟಿದ್ದರು. ಗಡಿಯ ಗೇಟಿನಲ್ಲಿ ಒಬ್ಬ ಅಧಿಕಾರಿ ಮೂಟೆ ಬಿಚ್ಚಿಸಿ, ಒಂದು ಚಿಟಿಕೆ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇದೇನು, ಸಿಮೆಂಟಾ?" ಅಂತ ಹಿಂದಿಯಲ್ಲಿ ಕೇಳಿದ.

ನಮ್ಮವರು ಅಟೆನ್ಷನ್ನಿನಲ್ಲಿ ನಿಂತು ವರದಿ ಒಪ್ಪಿಸಿದರು. "ಊಟ ಸರ್. ಕುದಿಯುವ ನೀರಿಗೆ ಹಾಕುವುದು, ಕೋಲಿನಿಂದ ಗಟ್ಟಿಯಾಗಿ ತಿರುವುವುದು, ಉಂಡೆ ಕಟ್ಟುವುದು, ನುಂಗುವುದು."

"ಅಗಿಯುವುದು?"

"ಅಗಿಯುವಂತಿಲ್ಲ ಸರ್."

ಆತ ನಮ್ಮವರ ಯೂನಿಫಾರ್ಮು ನೋಡಿದ, ನನ್ನನ್ನು ನೋಡಿದ, ಎಂಟು ವರ್ಷದ ನಮ್ಮ ಮಗಳನ್ನು ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ತಪ್ಪು ಮಾಡಿದವರು ನೀವು. ಮಗುವಿಗೂ ಇದೇ ಶಿಕ್ಷೆಯಾ?"

ಬೀನ್ಸ್ ಅಲ್ಲದ ಬೀನ್ಸ್

ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಒಬ್ಬ ಮೇಷ್ಟ್ರು, ಅವರ ಹೆಂಡತಿ. ಬೌದ್ಧರು, ತುಂಬಾ ಮರ್ಯಾದಸ್ಥರು. ಟಿ.ವಿ. ನೋಡಿ ಕಲಿತ ಹಿಂದಿಯನ್ನು ಚೆನ್ನಾಗಿಯೇ ಮಾತಾಡುತ್ತಿದ್ದರು. ನಾವು ಹೋದ ಒಂದೇ ವಾರಕ್ಕೆ ನಮ್ಮನ್ನು ಊಟಕ್ಕೆ ಕರೆದರು.

ಚೀಸಿನ ಬಿಳಿ ಗೊಜ್ಜಿನಲ್ಲಿ ಹಸಿರಾಗಿ, ಉದ್ದುದ್ದ ಏನೋ ಇತ್ತು. ನಮ್ಮವರು ಬೀನ್ಸ್ ಅಂದುಕೊಂಡು ದೊಡ್ಡ ತುತ್ತನ್ನೇ ಬಾಯಿಗಿಟ್ಟರು. ಅದು ಮೆಣಸಿನಕಾಯಿ. ಅಲ್ಲಿ ಮೆಣಸಿನಕಾಯಿಯೇ ತರಕಾರಿ! ಸುಬೇದಾರರು ಶತ್ರುವಿನ ಮುಂದೆ ಅಳುಕಿದವರಲ್ಲ. ಬಾಯಿ ಬಿಗಿಹಿಡಿದು ನೆಟ್ಟಗೆ ಕೂತರು. ಕಣ್ಣಲ್ಲಿ ಮಾತ್ರ ಧಾರಾಕಾರ ನೀರು.

"ಊರು ನೆನಪಾಯ್ತಾ?" ಅಂದರು ಪಕ್ಕದ ಮನೆಯಮ್ಮ.

ಮಾತಾಡಲು ನಾಲಿಗೆ ಇರಲಿಲ್ಲ. ತಲೆ ಆಡಿಸಿದರು.

"ಅಮ್ಮ ನೆನಪಾದ್ರಾ?"

ಇನ್ನೂ ಜೋರಾಗಿ ತಲೆ ಆಡಿಸಿದರು. ಆಯಮ್ಮನಿಗೂ ಕಣ್ಣು ತುಂಬಿ ಬಂತು. "ನಾನೂ ಅಕ್ಕ ಇದ್ದ ಹಾಗೇ" ಅಂತ ಇನ್ನೆರಡು ಸೌಟು ಬಡಿಸಿದರು.

ಬಾಯಿ ಮುಚ್ಚಿಕೊಂಡವರು

ಮರುವಾರ ನಾವು ಅವರನ್ನು ಕರೆದೆವು. ಬೆಳಗಿನಿಂದ ನಿಂತು ಹೂರಣ ರುಬ್ಬಿ ಮೂವತ್ತು ಹೋಳಿಗೆ ಮಾಡಿದ್ದೆ. ಬಡಿಸಲು ಹೋದರೆ ಗಂಡ ಹೆಂಡತಿ ಇಬ್ಬರೂ ಕೈಯಿಂದ ಬಾಯಿ ಮುಚ್ಚಿಕೊಂಡು, ಹಿಂದಕ್ಕೆ ವಾಲಿ, "ಮೇಶು, ಮೇಶು" ಅಂದರು. ಬೇಡ, ಬೇಡ ಅಂತ.

ನಾನು ಹೋಳಿಗೆ ಹಿಡಿದು ಹಾಗೇ ನಿಂತೆ. ನಮ್ಮವರು, "ಬೇಡ ಅಂತಿದ್ದಾರಲ್ಲೇ, ಬಲವಂತ ಮಾಡಬೇಡ. ಮಿಲಿಟರಿಯಲ್ಲಿ ಬೇಡ ಅಂದರೆ ಬೇಡ" ಅಂತ ಡಬ್ಬಿಯನ್ನೇ ಒಳಗೆ ಒಯ್ದರು. ಅನ್ನಕ್ಕೂ ಅವರು ಬಾಯಿ ಮುಚ್ಚಿಕೊಂಡರು. ಅನ್ನದ ಪಾತ್ರೆಯೂ ಒಳಗೆ ಹೋಯಿತು. ಒಂದೊಂದು ಲೋಟ ನೀರು ಕುಡಿದು, ಕೈ ಮುಗಿದು, ಹೊರಟುಹೋದರು.

ಬಾಯಿ ಮೂಗು ಮುಚ್ಚಿಕೊಳ್ಳುವಷ್ಟು ಕೆಟ್ಟ ವಾಸನೆಯೇ ನನ್ನ ಅಡಿಗೆಯದು? ಮಾರನೇ ದಿನದಿಂದ ಆಯಮ್ಮ ಅಂಗಳಕ್ಕೆ ಬಂದರೆ ನಾನು ಒಳಗೆ ಹೋಗುತ್ತಿದ್ದೆ. ಆ ಕಣಿವೆಯಲ್ಲಿ ಬೇರೆ ಯಾರ ಪರಿಚಯವೂ ಇರಲಿಲ್ಲ. ಗೋಡೆಗಳ ಜೊತೆ ಕನ್ನಡ ಮಾತಾಡಿಕೊಂಡು ಎರಡು ತಿಂಗಳು ಕಳೆದೆ.

ಹೋಳಿಗೆ? ಸೇನೆಯಲ್ಲಿ ಅನ್ನ ಚೆಲ್ಲುವಂತಿಲ್ಲ. ಮೂರು ದಿನ ಅದೇ ತಿಂದು ಪರೇಡಿಗೆ ಹೋದ ನಮ್ಮವರಿಗೆ ಬೂಟಿನ ಲೇಸು ಕಟ್ಟಲು ಬಗ್ಗುವುದಕ್ಕೇ ಆಗಲಿಲ್ಲ.

ಕೆಳಗಿನ ಬರ್ತ್

ಶಾಲೆಗೆ ಚಳಿಗಾಲದ ರಜೆ ಬಂತು. ಒಂದು ದಿನ ತಡೆಯಲಾಗದೆ ಹೇಳಿಬಿಟ್ಟೆ: "ಈ ದೇಶದಲ್ಲಿ ನನಗೆ ಯಾರೂ ಇಲ್ಲ ರೀ. ಮಗಳನ್ನ ಕರ್ಕೊಂಡು ಊರಿಗೆ ಹೋಗ್ತೀನಿ. ಇನ್ನು ಬರಲ್ಲ."

ಹೇಳಿ ಮುಖ ತಿರುಗಿಸಿಕೊಂಡು ನಿಂತೆ. "ಯಾಕೇ, ಇರೇ" ಅನ್ನುತ್ತಾರೆ ಅಂತ ಕಾದೆ. ಇವರು "ಸರಿ" ಅಂದರು.

ಸಂಜೆ ಮುಖ ಅರಳಿಸಿಕೊಂಡು ಬಂದರು. "ಅರಸೀಕೆರೆ ತನಕ ಟಿಕೆಟ್ ಆಗಿದೆ ಕಣೇ. ಕೆಳಗಿನ ಬರ್ತೇ ಸಿಕ್ಕಿದೆ!"

"ವಾಪಸ್ ಬರೋ ಟಿಕೆಟ್ಟು?"

"ಬರಲ್ಲ ಅಂದೆಯಲ್ಲ?"

ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ? ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿಕೊಂಡು ಹೊರಟೆ. ಅರಸೀಕೆರೆ ಬರುವ ತನಕ ಅಳುತ್ತಲೇ ಬಂದೆ. ಬರ್ತ್ ಏನೋ ಚೆನ್ನಾಗಿತ್ತು.

ಮೂರನೇ ಸಲ

ಕಣಕಟ್ಟೆಯಲ್ಲಿ ಅತ್ತೆ ಕೊಬ್ಬರಿ ಹೆರೆಯುತ್ತ ನನ್ನ ಕಥೆಯನ್ನೆಲ್ಲ ಕೇಳಿದರು.

"ಬಾಯಿ ಮುಚ್ಕಂಡ್ರಾ? ಎಷ್ಟು ಸಲ ಬಡಿಸಾಕೆ ಹೋದೆ?"

"ಒಂದೇ ಸಲ."

"ಅಯ್ಯೋ ನಿನ್ನ! ನಮ್ಮ ಹಗರೆ ಬೀಗಿತ್ತಿ ಏನ್ ಮಾಡ್ತಾಳೆ? ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದು ಬ್ಯಾಡ ಬ್ಯಾಡ ಅಂತಾಳೆ, ಆಮೇಲೆ ಆರು ಹೋಳಿಗೆ ತಿಂತಾಳೆ. ಒಂದೇ ಸಲಕ್ಕೆ ಹೂಂ ಅನ್ನಾಕೆ ಅವ್ರೇನು ಮರ್ಯಾದೆ ಇಲ್ದೋರಾ? ಮನೇಗ್ ಬಂದೋರ್ನ ಹಸ್ಕಂಡು ಕಳಿಸಿದ್ದೀರಲ್ಲೇ!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹತ್ತು ವರ್ಷ ಕಂಟೋನ್ಮೆಂಟುಗಳಲ್ಲಿ ಇದ್ದು ನಮ್ಮೂರಿನ ಉಪಚಾರವೇ ನನಗೆ ಮರೆತುಹೋಗಿತ್ತು.

ತಿಂಗಳಾದ ಮೇಲೆ ಯಜಮಾನರು ರಜೆಯ ಮೇಲೆ ಬಂದರು. ಜೊತೆಯಲ್ಲಿ ಯಾರು? ಮೇಷ್ಟ್ರು, ಅವರ ಹೆಂಡತಿ! ಈ ಕಡೆಯ ಬೌದ್ಧ ಮಠಗಳ ಯಾತ್ರೆಗೆ ಬಂದವರನ್ನು ಬೇಲೂರು, ಹಳೇಬೀಡು ತೋರಿಸಿಕೊಂಡು ಇವರು ಮನೆಗೇ ಕರೆತಂದಿದ್ದರು.

ಅತ್ತೆ ಎಲೆ ಹಾಕಿ ಹೋಳಿಗೆ ತಂದರು. ಇಬ್ಬರೂ ಬಾಯಿ ಮುಚ್ಚಿಕೊಂಡರು. ಅತ್ತೆಗೆ ಹಿಂದಿ ಬರುವುದಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಎರಡು ಸಲ ಗದರಿದರು. ಮೂರನೇ ಸಲಕ್ಕೆ ಇಬ್ಬರ ಕೈಯೂ ಕೆಳಗಿಳಿಯಿತು. ಐದನೇ ಹೋಳಿಗೆಗೆ ಮೇಷ್ಟ್ರಿಗೆ ನಿಜವಾಗಿಯೂ ಸಾಕಾಗಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. "ನೋಡ್ದೇನೇ? ಎರಡು ಕೈ! ಅಂದ್ರೆ ಎರಡು ಹಾಕು ಅಂತ" ಅಂದರು ಅತ್ತೆ.

ಕೈ ತೊಳೆಯುವಾಗ ಆಯಮ್ಮ ನನ್ನ ಕೈ ಹಿಡಿದುಕೊಂಡರು. "ಅವತ್ತು ಎಷ್ಟು ಹಸಿವಾಗಿತ್ತು ಗೊತ್ತಾ? ಎರಡನೇ ಸಲ ಕೇಳ್ತೀಯ ಅಂತ ಕಾದೆ. ಆಮೇಲೆ ನನ್ನ ಕಂಡರೆ ಒಳಗೇ ಹೋಗ್ತಿದ್ದೆ. ನಾನೇನು ತಪ್ಪು ಮಾಡಿದೆ ಅಂತ ದಿನಾ ಯೋಚಿಸ್ತಿದ್ದೆ." ನನಗೆ ಅಳು ತಡೆಯಲಾಗಲಿಲ್ಲ.

ಅವರು ಹೊರಡುವ ದಿನ ಜಗಲಿಯಲ್ಲಿ ಎಲ್ಲರೂ ಸೇರಿದ್ದೆವು. ನಮ್ಮವರು ಕೆಮ್ಮಿ, "ನಡಿಯೇ, ಹೋಗೋಣ" ಅಂದರು.

"ನಾನು ಬರಲ್ಲ."

"ಸ..." ಅಂತ ಶುರುಮಾಡಿದರು. ಕನ್ನಡ ಬಾರದಿದ್ದರೂ ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡ ಆಯಮ್ಮ ಇವರ ತೋಳು ಚಿವುಟಿ, ಒಂದು ಬೆರಳು ಎತ್ತಿ ತೋರಿಸಿದರು.

"ಬಾರೇ."

"ಅಲ್ಲಿ ಚಳಿ ರೀ."

ಆಯಮ್ಮ ಎರಡನೇ ಬೆರಳು ಎತ್ತಿದರು. ನಮ್ಮವರು ನೆಲ ನೋಡಿಕೊಂಡು ಮೆಲ್ಲಗೆ ಹೇಳಿದರು: "ನೀನು ಹೋದ ಮೇಲೆ ಆ ಮನೇಲಿ ಇರೋಕೆ ಆಗ್ತಿಲ್ಲ ಕಣೇ. ಮುದ್ದೆ ಮಾಡ್ಕೋತೀನಿ, ನುಂಗೋಕೆ ಆಗಲ್ಲ. ಬಾ."

ಮದುವೆಯಾದ ಇಷ್ಟು ವರ್ಷಕ್ಕೆ ಅವರು ಮನಸ್ಸು ಬಿಚ್ಚಿ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. "ಇಷ್ಟು ಹೇಳ್ತಿದ್ದೀರಲ್ಲ ಅಂತ ಬರ್ತೀನಿ" ಅಂದು, ಹಿಂದಿನ ದಿನವೇ ತುಂಬಿಟ್ಟಿದ್ದ ಟ್ರಂಕು ತರಲು ಒಳಗೆ ಓಡಿದೆ.

ಟ್ರಂಕು ಅಲುಗಾಡಲಿಲ್ಲ. ಮುಚ್ಚಳ ತೆಗೆದು ನೋಡಿದರೆ ನನ್ನ ಸೀರೆಗಳ ಮೇಲೆ ಎಂಟು ತೆಂಗಿನಕಾಯಿ, ಅತ್ತೆಯ ಸ್ವೆಟರು, ಶಾಲು, ಎಲೆ ಅಡಿಕೆ ಚೀಲ.

ಹಿಂದೆ ತಿರುಗಿದರೆ ಬಾಗಿಲಲ್ಲಿ ಅತ್ತೆ, ಹೊಸ ಸೀರೆ ಉಟ್ಟು ನಿಂತಿದ್ದಾರೆ.

"ನನ್ನ ಯಾರೂ ಕರೀಲೇ ಇಲ್ಲ ಕಣೇ. ಅದಕ್ಕೆ ನನ್ನ ನಾನೇ ಮೂರು ಸಲ ಕರ್ಕಂಡೆ. ಎರಡು ಸಲ ಬ್ಯಾಡ ಅಂದೆ."