ಯಜಮಾನರು ಸ್ವತಂತ್ರರಾದದ್ದು

ಪರದೆ ಅಂಗಡಿಯ ಯಜಮಾನರಿಗೆ ಆ ಬೆಳಿಗ್ಗೆ ಆದ ಆಘಾತ ಅಷ್ಟಿಷ್ಟಲ್ಲ. ಆಡಿಟರಮ್ಮ ಊಟದ ಮೇಜಿನ ಮೇಲೆ ಹರಡಿಟ್ಟಿದ್ದ ತೆರಿಗೆ ಪಟ್ಟಿಯಲ್ಲಿ, 'ಹೊರಗಿನಿಂದ ಕೆಲಸಕ್ಕೆ ಕರೆಸಿಕೊಂಡವರು' ಎಂಬ ತಲೆಬರಹದ ಕೆಳಗೆ, ತಮ್ಮ ಹೆಸರನ್ನೇ ಕಂಡರು.

"ಇದೇನೇ ಇದು! ನಾನು ಹೊರಗಿನವನಾ?"

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಗುತ್ತಿಗೆ ಕೆಲಸದವರಿಗೆ ಯಾರ್ಯಾರಿಗೆ ಎಷ್ಟೆಷ್ಟು ಕೊಟ್ವಿ ಅಂತ ವರ್ಷಕ್ಕೊಂದ್ಸಲ ಬರೆದು ಕೊಡ್ಬೇಕು ಕಣ್ರೀ. ಕಂಬಿಗೆ ಇಷ್ಟು ಅಂತ ನಿಮಗೂ ಕೊಡ್ತಿದ್ದೀನಲ್ಲ?"

ಕೊಡುತ್ತಿದ್ದಳು, ನಿಜ. ಯಜಮಾನರು ಪಂಪು ಕಾರ್ಖಾನೆಯ ಉಗ್ರಾಣದಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅಂದಿನಿಂದ ಹೆಂಡತಿ ಹೊಲಿದ ಪರದೆಗಳಿಗೆ ಮನೆಮನೆಗೆ ಹೋಗಿ, ಗೋಡೆ ಕೊರೆದು, ಕಂಬಿ ಕೂರಿಸುವುದು ಅವರ ಪಾಲಿನ ಕೆಲಸ. ತಿಂಗಳಿಗೊಮ್ಮೆ ಖಾತೆಗೆ ಬಂದು ಬೀಳುತ್ತಿದ್ದ ಹಣವನ್ನು ಅವರು ಪತಿಭಕ್ತಿ ಎಂದೇ ತಿಳಿದಿದ್ದರು. ಬಾಯಿ ತುಂಬ "ನಮ್ಮ ಯಜಮಾನರು" ಅನ್ನುತ್ತಾಳಲ್ಲ, ಹಾಗಾಗಿ ಅಂಗಡಿಗೂ ತಾವೇ ಯಜಮಾನರು ಅಂದುಕೊಂಡಿದ್ದರು. (ಮಾಲೀಕರ ಜಾಗದಲ್ಲಿ ಯಾರ ರುಜು ಇದೆ ಎಂದು ನೋಡುವ ಗೋಜಿಗೆ ಹೋದವರಲ್ಲ.)

"ಅದೂ ಟೆಂಪೋದವನ ಹೆಸರಿನ ಕೆಳಗೆ!"

"ಅವನಿಗೆ ನಿಮಗಿಂತ ಜಾಸ್ತಿ ಹೋಗಿದೆ."

ಆಡಿಟರಮ್ಮ ಕನ್ನಡಕ ಸರಿಮಾಡಿಕೊಂಡರು. "ಸರ್, ಒಂದೆರಡು ಪ್ರಶ್ನೆ. ಎಷ್ಟು ಗಂಟೆಗೆ ಕೆಲಸಕ್ಕೆ ಹೋಗ್ಬೇಕು ಅಂತ ಯಾರು ಹೇಳ್ತಾರೆ?"

"ಇವಳು."

"ಏಣಿ, ಡ್ರಿಲ್ಲು?"

"ಇವಳದೇ."

"ಬೇರೆಯವರಿಗೂ ಮಾಡ್ಕೊಡ್ತೀರಾ?"

"ಇವಳಿಗೆ ಮಾಡೋ ಹೊತ್ತಿಗೇ ಸೊಂಟ ಬಿದ್ದುಹೋಗುತ್ತೆ."

"ಇವತ್ತು ಬರಲ್ಲ ಅಂತ ಹೇಳೋ ಹಕ್ಕಿದೆಯಾ?"

ಯಜಮಾನರು ಹೆಂಡತಿಯ ಮುಖ ನೋಡಿದರು. ಆಡಿಟರಮ್ಮನಿಗೆ ಆ ನೋಟವೇ ಸಾಕಾಯಿತು.

"ಮೇಡಂ, ಇವರು ಗುತ್ತಿಗೆದಾರರಲ್ಲ, ಪಕ್ಕಾ ನೌಕರರು! ತಪ್ಪು ಬರೆದು ಕೊಟ್ರೆ ದಂಡ ಬೀಳುತ್ತೆ."

ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಹೆಂಡತಿ ಹೀಗೆ ಬೆಚ್ಚಿಬಿದ್ದದ್ದನ್ನು ಯಜಮಾನರು ಮದುವೆಯಾದಾಗಿನಿಂದ ಕಂಡಿರಲಿಲ್ಲ.

"ನೌಕರ ಅಂದ್ರೆ... ರಜೆ, ಬೋನಸ್ಸು ಎಲ್ಲಾ ಕೊಡ್ಬೇಕಾ ಇವರಿಗೆ?"

"ಕೊಡ್ಬೇಕಾಗುತ್ತೆ. ಬೇಡ ಅಂದ್ರೆ ಇವರು ನಿಜವಾಗ್ಲೂ ಸ್ವತಂತ್ರರಾಗ್ಬೇಕು. ಸ್ವಂತ ಏಣಿ, ಸ್ವಂತ ಗಿರಾಕಿ, ಬೇಕಾದಾಗ ಕೆಲಸ."

ರಜೆ, ಬೋನಸ್ಸು ಎಂಬ ಮಧುರ ಪದಗಳು ಯಜಮಾನರ ಕಿವಿಯ ಪಕ್ಕದಲ್ಲೇ ಹಾದುಹೋದವು. ಒಳಗೆ ಹೊಕ್ಕದ್ದು ಒಂದೇ ಪದ: ಸ್ವತಂತ್ರ! ಸಂಸಾರಿಯೊಬ್ಬನಿಗೆ, ಹೆಂಡತಿಯ ಎದುರಿಗೇ, ತೆರಿಗೆ ಕಾನೂನು ಕರೆದು ಕೊಡುತ್ತಿರುವ ಬಿಡುಗಡೆ!

"ಆಗ್ತೀನಿ!" ಎಂದು ಮೇಜು ಗುದ್ದಿದರು. "ಇವತ್ತಿಂದ್ಲೇ ಸ್ವತಂತ್ರ!"

"ಯೋಚನೆ ಮಾಡಿ ಹೇಳ್ರೀ," ಅಂದಳು ಹೆಂಡತಿ. ಅನ್ನುತ್ತಲೇ ರುಜು ಹಾಕಲು ಪೆನ್ನನ್ನೂ ಕೊಟ್ಟಳು.

ಉಳಿತಾಯ ಕರಗಿಸಿ ಯಜಮಾನರು ಏಣಿ ಕೊಂಡರು, ಡ್ರಿಲ್ಲು ಕೊಂಡರು. ವಾರದೊಳಗೆ ಸ್ವಂತ ಗಿರಾಕಿಯೂ ಸಿಕ್ಕಿದ. ಹಲ್ಲಿನ ಡಾಕ್ಟರು, ಹನ್ನೆರಡು ಕಿಟಕಿ. ದಿಗ್ವಿಜಯಕ್ಕೆ ಹೊರಟವರಂತೆ ಹೋಗಿ ಮೂರನೇ ಮೆಟ್ಟಿಲು ಹತ್ತಿದರು. ಏಣಿ ಗಡಗಡ ನಡುಗಿತು. ಎರಡು ವರ್ಷದಿಂದ ಕೆಳಗೆ ನಿಂತು ಏಣಿ ಹಿಡಿದುಕೊಳ್ಳುತ್ತಿದ್ದವರು ಯಾರು ಎಂಬುದು ಆಗ ಹೊಳೆಯಿತು.

ಮೆಲ್ಲಗೆ ಇಳಿದು ಮನೆಗೆ ಫೋನ್ ಮಾಡಿದರು. "ಸ್ವಲ್ಪ ಬಂದು ಏಣಿ ಹಿಡ್ಕೊತೀಯಾ?"

"ಅದಕ್ಕೇನಂತೆ, ಬರ್ತೀನಿ. ಗಂಟೆಗೆ ಐನೂರು."

"ಏನು? ಕಟ್ಟಿಕೊಂಡ ಗಂಡನ ಹತ್ರ ಕೂಲಿನಾ?"

"ನನ್ನ ಹೊಲಿಗೆ ನಿಲ್ಲಿಸಿ ಬರ್ಬೇಕಲ್ಲ. ಬೇಡ ಅಂದ್ರೆ ಬೇಡ, ನೀವು ಸ್ವತಂತ್ರರು."

ಹಲ್ಲಿನ ಡಾಕ್ಟರು ಬಾಗಿಲಿನಿಂದ ಇಣುಕಿ ಗಡಿಯಾರ ನೋಡಿದರು. ಯಜಮಾನರು ಹಲ್ಲು ಕಚ್ಚಿ ಒಪ್ಪಿಕೊಂಡರು. ಆ ಕೆಲಸಕ್ಕೂ, ಆಮೇಲೆ ಬಂದ ಎಲ್ಲ ಕೆಲಸಕ್ಕೂ.

ವರ್ಷದ ಕೊನೆಗೆ ಆಡಿಟರಮ್ಮ ಯಜಮಾನರ ಹೆಸರಿನಲ್ಲೇ 'ಹೊರಗಿನಿಂದ ಕೆಲಸಕ್ಕೆ ಕರೆಸಿಕೊಂಡವರ' ಬೇರೆ ಪಟ್ಟಿ ತಯಾರಿಸಿ ತಂದರು. ಅದರಲ್ಲಿದ್ದದ್ದು ಒಂದೇ ಹೆಸರು. ಎದುರಿಗಿದ್ದ ಮೊತ್ತವನ್ನು ಯಜಮಾನರು ಎರಡೆರಡು ಸಲ ಓದಿದರು. ವರ್ಷವಿಡೀ ಏಣಿ ಹತ್ತಿ ಅವರು ದುಡಿದದ್ದಕ್ಕಿಂತ, ಕೆಳಗೆ ನಿಂತವಳಿಗೆ ಕೊಟ್ಟದ್ದೇ ಹೆಚ್ಚಾಗಿತ್ತು.